ಮನೆಮಂದಿಯ ತಾರೀಖು ನಿನ್ನ ಸುಪರ್ದಿಗೆ

ಪುಟ್ಟಿ,

ಮನೆಮಂದಿಗೆಲ್ಲ ಸೇರಿ ಒಂದೇ ಕ್ಯಾಲೆಂಡರ್ ಮಾಡಿ ಅದನ್ನು ನಮ್ಮದೇ ಸರ್ವರ್‌ನಲ್ಲಿ ಇಡಬೇಕು ಅಂತಿದೀನಿ ಮಾವ, ಹೇಗೆ ಮಾಡಲಿ ಎಂದು ಕೇಳಿದ್ದೀಯ. ಮಾಡು, ನನ್ನ ಪೂರ್ಣ ಒಪ್ಪಿಗೆ ಇದೆ. ಇನ್‌ಸ್ಟಾಲ್ ಮಾಡುವುದು ಒಂದು ಸಂಜೆಯ ಕೆಲಸ, ಅದಕ್ಕೆ ನಾನು ಬೇಕಿಲ್ಲ. ಮರುದಿನ ಬೆಳಿಗ್ಗೆಯಿಂದ ಶುರುವಾಗುವ ಕೆಲಸದ ಬಗ್ಗೆ ನಿನಗೆ ನಾಲ್ಕು ಮಾತು ಹೇಳಬೇಕು. ನಿಮ್ಮಮ್ಮನ ಕಣ್ಣಿನ ಡಾಕ್ಟರ ದಿನ, ನಿನ್ನಣ್ಣನ ವೀಸಾ ಮುಗಿಯುವ ದಿನ, ಚಿಕ್ಕಪ್ಪನ ಎಲ್‌ಐಸಿ ಕಂತು, ನಿನ್ನಜ್ಜನ ವೈದಿಕ, ಇವೆಲ್ಲ ಅಂದಿನಿಂದ ನಿನ್ನ ಸುಪರ್ದಿಗೆ ಬರುತ್ತವೆ. ನೀನಿದ್ದೀಯ ಎಂಬ ಧೈರ್ಯದಲ್ಲಿ ಅವರು ಬೇರೆ ಕಡೆ ಬರೆದುಕೊಳ್ಳುವುದನ್ನು ಬಿಟ್ಟುಬಿಡುತ್ತಾರೆ. ಕಾಲೇಜಿನ ಕಂಪ್ಯೂಟರ್ ಕೇಂದ್ರದಲ್ಲಿ ನಾನಿದ್ದಷ್ಟು ಕಾಲವೂ ಕಂಡದ್ದು ಇದನ್ನೇ: ಹೊಸದನ್ನು ಹಾಕುವ ಹುರುಪು ಎಲ್ಲರಿಗೂ ಇರುತ್ತದೆ, ಹಾಕಿದ್ದನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವವರು ಸಿಗುವುದಿಲ್ಲ. ನೀನು ನಡೆಸುವವಳಾಗಿ ಕೈಹಾಕು.

ಗೂಗಲ್ ಕ್ಯಾಲೆಂಡರ್ 2006ರಿಂದ ಇದೆ, ಪುಕ್ಕಟೆ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಅದನ್ನು ಹಳಿಯಬೇಕಾಗಿಲ್ಲ. ಆದರೆ ಒಂದು ಕುಟುಂಬದ ಕ್ಯಾಲೆಂಡರ್ ಅಂದರೆ ಏನು ಎಂದು ಯೋಚಿಸು. ಯಾರಿಗೆ ಯಾವ ಕಾಯಿಲೆ, ಯಾವ ದಿನ ಮನೆಗೆ ಬೀಗ, ಯಾವ ಬ್ಯಾಂಕಿನಲ್ಲಿ ಸಾಲ, ಯಾರು ಯಾವ ಊರಿನಲ್ಲಿ ಎಂಬುದೆಲ್ಲ ಒಂದೇ ಕಡೆ ಕೂಡಿರುತ್ತದೆ. ಅದು ನಮ್ಮಲ್ಲೇ ಇರಲಿ ಎನ್ನುವುದು ನ್ಯಾಯವಾದ ಆಸೆ. ಇನ್ನೊಂದು ಕಾರಣವೂ ಇದೆ. ಸನ್‌ರೈಸ್ ಎಂಬ ಕ್ಯಾಲೆಂಡರ್ ಆ್ಯಪ್ ಇತ್ತು, ಬಳಸಿದವರೆಲ್ಲ ಮೆಚ್ಚಿದ್ದರು. 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು, 2016ರಲ್ಲಿ ಮುಚ್ಚಿತು. ಮುಚ್ಚುವ ತೀರ್ಮಾನದಲ್ಲಿ ಬಳಸುವವರಿಗೆ ಪಾಲಿರಲಿಲ್ಲ. ನಿನ್ನ ಸರ್ವರ್ ಮುಚ್ಚಬೇಕೇ ಬೇಡವೇ ಎಂಬುದು ನಿಮ್ಮ ಮನೆಯ ಜಗಲಿಯಲ್ಲೇ ತೀರ್ಮಾನವಾಗುತ್ತದೆ.

ಯಾವ ಸಾಫ್ಟ್‌ವೇರ್ ಎಂದರೆ, ಮೊದಲು ನೋಡಬೇಕಾದದ್ದು ಅದು ಐಕ್ಯಾಲೆಂಡರ್ ರೂಪದಲ್ಲಿ ಬರೆಯುತ್ತದೆಯೇ, ಕ್ಯಾಲ್‌ಡಾವ್ ಮಾತಾಡುತ್ತದೆಯೇ ಎಂಬುದನ್ನು. ಐಕ್ಯಾಲೆಂಡರ್ 1998ರಲ್ಲಿ ಬಂದ ಮಾನಕ, 2009ರಲ್ಲಿ ಅದನ್ನು ಪರಿಷ್ಕರಿಸಿದರು. ಕ್ಯಾಲ್‌ಡಾವ್ ಎಂಬ ಸಿಂಕ್ ಮಾನಕ ಬಂದದ್ದು 2007ರಲ್ಲಿ. ಇವೆರಡನ್ನು ಪಾಲಿಸುವ ಯಾವುದನ್ನಾದರೂ ಇವತ್ತು ಹಾಕಿಕೊಂಡು ನಾಳೆ ಬಿಡಬಹುದು, ತಾರೀಖುಗಳು ನಿನ್ನ ಜೊತೆಗೇ ಬರುತ್ತವೆ. ಫೋನುಗಳಿಗೆ ಸಿಂಕ್ ಆದರೆ ಸಾಕು ಅನ್ನುವುದಾದರೆ ರಾಡಿಕೇಲ್ ಸಾಕು. ಅದು ಪೈಥಾನ್‌ನಲ್ಲಿ ಬರೆದ ಪುಟ್ಟ ಸರ್ವರ್, ಡೇಟಾಬೇಸ್ ಕೂಡ ಬೇಡ, ಒಂದೊಂದು ಕಾರ್ಯಕ್ರಮವನ್ನೂ ಒಂದೊಂದು ಫೈಲಾಗಿ ಫೋಲ್ಡರಿನಲ್ಲಿ ಇಡುತ್ತದೆ. ಪಿಎಚ್‌ಪಿ ಗೊತ್ತಿದ್ದವರಿಗೆ ಬೈಕಾಲ್ ಇದೆ. ಆದರೆ ನಿಮ್ಮಮ್ಮ ಮೊಬೈಲಿಗಿಂತ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ತಿಂಗಳನ್ನು ಒಟ್ಟಿಗೆ ನೋಡಲು ಇಷ್ಟಪಡುತ್ತಾಳೆ. ಹಾಗಾಗಿ ನಿನಗೆ ನೆಕ್ಸ್ಟ್‌ಕ್ಲೌಡ್ ಸರಿ, ಅದರ ಕ್ಯಾಲೆಂಡರ್ ಕನ್ನಡ ಅಕ್ಷರಗಳನ್ನು ಚೆನ್ನಾಗಿ ತೋರಿಸುತ್ತದೆ. ಅದು ಭಾರವಾದ ಸಾಮಾನು ಎಂಬುದನ್ನು ತಿಳಿದೇ ಹಾಕು. ಕಡತ, ಫೋಟೊ, ಮಾತುಕತೆ ಎಂದು ಹತ್ತಾರು ಸೌಲಭ್ಯ ಜೊತೆಗೆ ಬರುತ್ತವೆ, ಬೇಡದ್ದನ್ನೆಲ್ಲ ಮೊದಲ ದಿನವೇ ಆರಿಸಿಬಿಡು. ತೆರೆದ ಬಾಗಿಲು ಕಡಿಮೆಯಾದಷ್ಟೂ ಕಾಯುವ ಕೆಲಸ ಕಡಿಮೆ.

ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಇಟ್ಟು ನಡೆಸುವ ಆಸೆ ನಿನಗಿದೆ ಎಂದು ನಿನ್ನಪ್ಪ ಹೇಳಿದ. ನಮ್ಮಲ್ಲಿ ಬಹಳಷ್ಟು ಬ್ರಾಡ್‌ಬ್ಯಾಂಡ್ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ. ಹೊರಗಿನಿಂದ ನಿನ್ನ ಪೈಯನ್ನು ನೇರವಾಗಿ ತಲುಪಲು ಆಗುವುದಿಲ್ಲ. ಸ್ಥಿರ ಐಪಿ ಬೇಕೆಂದರೆ ಬೇರೆ ದುಡ್ಡು. ಕರೆಂಟ್ ಹೋದರೆ ಕ್ಯಾಲೆಂಡರೂ ಹೋಯಿತು, ಮೆಮೊರಿ ಕಾರ್ಡ್ ಸವೆದು ಕೈಕೊಟ್ಟರೆ ಎಲ್ಲವೂ ಹೋಯಿತು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಡೇಟಾ ಸೆಂಟರ್ ಇರುವ ಕಂಪನಿಯಿಂದ 2 ಜಿಬಿ ಮೆಮೊರಿಯ ಸಣ್ಣ ಬಾಡಿಗೆ ಸರ್ವರ್ (ವಿಪಿಎಸ್) ತೆಗೆದುಕೋ. ಡೊಮೇನ್ ಬೇರೆ ಕಡೆ ಕೊಂಡುಕೋ, ಎರಡೂ ಒಂದೇ ಕಂಪನಿಯ ಕೈಯಲ್ಲಿ ಇರುವುದು ಬೇಡ. ವಿದೇಶಿ ಕಂಪನಿಯಾದರೆ ಬಿಲ್ಲಿನ ಮೇಲೆ ಕಣ್ಣಿಡು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾದಮೇಲೆ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವುದು ನಮ್ಮ ಎಲ್ಲ ಕಾರ್ಡುಗಳಲ್ಲೂ ಸಲೀಸಾಗಿ ನಡೆಯುವುದಿಲ್ಲ. ದುಡ್ಡು ಇದ್ದೂ ಬಾಕಿ ಉಳಿದು ಸರ್ವರ್ ನಿಂತುಹೋದ ಉದಾಹರಣೆಗಳನ್ನು ನೋಡಿದ್ದೇನೆ. ಆಗುವುದಾದರೆ ಒಂದು ವರ್ಷದ್ದು ಮುಂಗಡ ಕಟ್ಟಿಬಿಡು.

ಫೈರ್‌ವಾಲ್, ಎಸ್‌ಎಸ್‌ಎಚ್ ಕೀ, ತಾನಾಗಿ ಆಗುವ ಭದ್ರತಾ ಅಪ್‌ಡೇಟು ಇವೆಲ್ಲ ನಿನಗೆ ತಿಳಿದದ್ದೇ. ಇನ್‌ಸ್ಟಾಲ್ ಮಾಡುವಾಗ ಅನುಮತಿ ಇಲ್ಲ ಎಂಬ ದೋಷ ಬಂದರೆ ಫೋಲ್ಡರಿಗೆ ಎಲ್ಲರೂ ಬರೆಯಬಹುದಾದ 777 ಅನುಮತಿ ಕೊಟ್ಟು ಮುಂದೆ ಹೋಗುವ ಚಾಳಿ ಮಾತ್ರ ಬೇಡ. ವೆಬ್ ಸರ್ವರ್ ಯಾವ ಹೆಸರಿನಲ್ಲಿ ಓಡುತ್ತಿದೆ ಎಂದು ನೋಡಿ, ಆ ಹೆಸರಿಗಷ್ಟೇ ಒಡೆತನ ಕೊಡು. ಡೇಟಾ ಫೋಲ್ಡರ್ ವೆಬ್‌ಗೆ ಕಾಣುವ ಜಾಗದಿಂದ ಹೊರಗಿರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರುತ್ತೇನೆ, ಅದು ಕಾಲ. ಕ್ಯಾಲೆಂಡರ್ ಕೆಟ್ಟಿದೆ ಎಂದು ಜನ ದೂರುವಾಗ ಹತ್ತರಲ್ಲಿ ಎಂಟು ಸಲ ಕೆಟ್ಟಿರುವುದು ಕಾಲವಲಯ. ಸರ್ವರಿನ ಕಾಲವಲಯ, ಪಿಎಚ್‌ಪಿಯದು, ನೆಕ್ಸ್ಟ್‌ಕ್ಲೌಡ್‌ನಲ್ಲಿ ಒಬ್ಬೊಬ್ಬರ ಖಾತೆಯದು, ಫೋನಿನದು, ಇಷ್ಟನ್ನೂ ಒಂದು ಸಲ ಕಣ್ಣಾರೆ ನೋಡು. ಪಟ್ಟಿಯಲ್ಲಿ ಬೆಂಗಳೂರು ಇರುವುದಿಲ್ಲ, ಇಡೀ ಭಾರತಕ್ಕೆ ‘ಏಷ್ಯಾ/ಕೋಲ್ಕತಾ’ ಎಂಬ ಒಂದೇ ಹೆಸರು.

ಗ್ರೀನಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಎಂಬ ನಮ್ಮ ಲೆಕ್ಕ ವರ್ಷವಿಡೀ ಒಂದೇ. ನಿನ್ನಣ್ಣ ಇರುವ ನ್ಯೂಜೆರ್ಸಿಯಲ್ಲಿ ಹಾಗಲ್ಲ. ಅಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರಿನ ಮೊದಲ ಭಾನುವಾರ ಹಿಂದೆ ಬರುತ್ತದೆ. ಭಾನುವಾರ ಅವನ ಬೆಳಗಿನ ಒಂಬತ್ತು ಗಂಟೆಗೆ ವಿಡಿಯೊ ಕಾಲ್ ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ನೀನು ಇದನ್ನು ನಿನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಸಮಯಕ್ಕೆ ಏಳೂವರೆ ಎಂದು ಪ್ರತಿವಾರಕ್ಕೆ ಹಾಕಿದರೆ, ಮಾರ್ಚಿನ ಆ ಭಾನುವಾರದಿಂದ ಅವನ ಫೋನಿನಲ್ಲಿ ಅದು ಹತ್ತು ಗಂಟೆಗೆ ಹೋಗಿ ಕೂರುತ್ತದೆ. ಅವನು ಮಗಳನ್ನು ಈಜಿಗೆ ಕರೆದುಕೊಂಡು ಹೋಗಿರುತ್ತಾನೆ, ನಿಮ್ಮಮ್ಮ ಇಲ್ಲಿ ಫೋನ್ ಹಿಡಿದು ಕೂತಿರುತ್ತಾಳೆ. ಹಾಗಾಗಿ ಎರಡು ದೇಶಕ್ಕೆ ಸೇರಿದ ಯಾವ ಕಾರ್ಯಕ್ರಮ ಹಾಕುವಾಗಲೂ ಇಲ್ಲಿ ಯಾರ ಗಡಿಯಾರ ನಡೆಯಬೇಕು ಎಂದು ಮೊದಲು ಕೇಳು. ಅವನ ಬೆಳಗಿನ ಒಂಬತ್ತೇ ಖಾಯಂ ಅನ್ನುವುದಾದರೆ ಕಾಲವಲಯವನ್ನು ‘ಅಮೆರಿಕ/ನ್ಯೂಯಾರ್ಕ್’ ಎಂದು ಆರಿಸಿ ಒಂಬತ್ತಕ್ಕೆ ಹಾಕು, ಇಲ್ಲಿ ಆರೂವರೆ ಏಳೂವರೆ ತಾನಾಗಿ ಬದಲಾಗುತ್ತದೆ. ನಿಮ್ಮಮ್ಮನ ದೇವರ ದೀಪದ ಹೊತ್ತು ತಪ್ಪಬಾರದು ಅನ್ನುವುದಾದರೆ ನಮ್ಮ ವಲಯದಲ್ಲೇ ಹಾಕಿ, ಮಾರ್ಚಿನಿಂದ ಹತ್ತಕ್ಕೆ ಬಿಡುವು ಮಾಡಿಕೋ ಎಂದು ಅವನಿಗೆ ಮೊದಲೇ ಹೇಳು. ಇದು ಮನೆಯವರು ತೀರ್ಮಾನಿಸಬೇಕಾದದ್ದು, ಸಾಫ್ಟ್‌ವೇರಿಗೆ ಬಿಡುವ ವಿಷಯವಲ್ಲ.

ಹುಟ್ಟುಹಬ್ಬಗಳನ್ನು ‘ಇಡೀ ದಿನ’ ಎಂದೇ ಗುರುತಿಸು. ರಾತ್ರಿ ಹನ್ನೆರಡಕ್ಕೆ ಶುರು ಎಂದು ಹಾಕಿದರೆ ಅದು ನ್ಯೂಜೆರ್ಸಿಯಲ್ಲಿ ಹಿಂದಿನ ದಿನ ಮಧ್ಯಾಹ್ನಕ್ಕೆ ಬೀಳುತ್ತದೆ.

ಇನ್ನು ನಮ್ಮ ಹಬ್ಬ, ತಿಥಿ. ಪ್ರತಿವರ್ಷ ಎಂಬ ಗುಂಡಿ ಒತ್ತಿದರೆ ಕ್ಯಾಲೆಂಡರಿಗೆ ಗೊತ್ತಿರುವುದು ಇಂಗ್ಲಿಷ್ ತಾರೀಖು ಮಾತ್ರ. ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ. ಆ ವರ್ಷ ಅಧಿಕ ಜ್ಯೇಷ್ಠ ಸೇರಿಕೊಳ್ಳುವುದರಿಂದ 2027ರಲ್ಲಿ ಮತ್ತೆ ಏಪ್ರಿಲ್ 7ಕ್ಕೆ ಹಾರುತ್ತದೆ. ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ವರ್ಷಕ್ಕೆ ಹನ್ನೊಂದು ದಿನದಂತೆ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಮುಂದಕ್ಕೆ ಬರುತ್ತದೆ. ಬೇರೆ ಪಂಚಾಂಗಗಳ ಪ್ರಕಾರವೂ ಪುನರಾವರ್ತನೆ ಬರೆಯಲು 2015ರಲ್ಲಿ ಒಂದು ಮಾನಕವೇನೋ ಬಂತು, ಆದರೆ ನಾವು ಬಳಸುವ ಸಾಮಾನ್ಯ ಆ್ಯಪ್‌ಗಳಲ್ಲಿ ಅದು ಕಾಣಸಿಗದು. ಆದ್ದರಿಂದ ನಿನ್ನಜ್ಜನ ವೈದಿಕದ ಪುಷ್ಯ ಬಹುಳ ಪಂಚಮಿಯನ್ನು ಪ್ರತಿವರ್ಷ ಎಂದು ಹಾಕಿ ಮರೆತುಬಿಡಬೇಡ. ಯುಗಾದಿಗೆ ಹೊಸ ಒಂಟಿಕೊಪ್ಪಲ್ ಪಂಚಾಂಗ ಮನೆಗೆ ಬರುತ್ತದಲ್ಲ, ಆ ವಾರವೇ ಅಮ್ಮನ ಪಕ್ಕ ಕೂತು ಆ ವರ್ಷದ ತಿಥಿಗಳನ್ನೂ ಹಬ್ಬಗಳನ್ನೂ ಒಂದೊಂದಾಗಿ ನಮೂದಿಸು. ಇದಕ್ಕೆ ‘ಪಂಚಾಂಗ’ ಎಂದು ಬೇರೆಯೇ ಕ್ಯಾಲೆಂಡರ್ ಮಾಡು, ತಪ್ಪಾದರೆ ಅದನ್ನಷ್ಟೇ ಅಳಿಸಿ ಮತ್ತೆ ತುಂಬಬಹುದು. ನಿನ್ನಣ್ಣ ಅಲ್ಲೇ ಶ್ರಾದ್ಧ ಮಾಡುವುದಾದರೆ ಅವನದು ಬೇರೆ ನಮೂದು ಇರಲಿ. ತಿಥಿ ಆರಂಭವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ, ಆದರೆ ಅಪರಾಹ್ನ ಊರಿಂದ ಊರಿಗೆ ಬೇರೆ. ಹಾಗಾಗಿ ಅವನಿಗೆ ತಾರೀಖು ಒಂದು ದಿನ ಆಚೀಚೆ ಆಗಬಹುದು. ಅಲ್ಲಿಯ ಪುರೋಹಿತರನ್ನು ಕೇಳಿ ಹಾಕು.

ಕನ್ನಡದಲ್ಲಿ ಬರೆಯುವಾಗ ಒಂದು ಸೂಕ್ಷ್ಮ ಇದೆ, ಹತ್ತಿರದಿಂದ ನೋಡು. ಐಕ್ಯಾಲೆಂಡರ್ ಫೈಲಿನಲ್ಲಿ ಒಂದು ಸಾಲು 75 ಬೈಟ್ ಮೀರಬಾರದು, ಮೀರಿದರೆ ಮಡಚಿ ಮುಂದಿನ ಸಾಲಿಗೆ ಹಾಕಬೇಕು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಯುಟಿಎಫ್-8ನಲ್ಲಿ ನಮ್ಮ ‘ಕ’ಕ್ಕೆ ಮೂರು, ‘ಕ್ಷ’ ಎಂದರೆ ಕ, ವಿರಾಮ, ಷ ಸೇರಿ ಒಂಬತ್ತು. ‘ಅಮ್ಮನ ಕಣ್ಣಿನ ತಪಾಸಣೆ’ ಅನ್ನುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಸಾಲು ತುಂಬಿರುತ್ತದೆ. ಚೆನ್ನಾಗಿ ಬರೆಯದ ಹಳೆಯ ಪ್ರೋಗ್ರಾಮುಗಳು ಒಂದು ಅಕ್ಷರದ ಮೂರು ಬೈಟುಗಳ ನಡುವೆಯೇ ಮಡಚಿಬಿಡುತ್ತವೆ. ಆಚೆ ಕಡೆ ಓದುವ ಪ್ರೋಗ್ರಾಮೂ ಅಷ್ಟೇ ಅಜಾಗರೂಕವಾಗಿದ್ದರೆ ಅಲ್ಲಿ ಒಂದು ಅಕ್ಷರ ಹೋಗಿ ಚೌಕವೋ ಪ್ರಶ್ನಾರ್ಥಕ ಚಿಹ್ನೆಯೋ ಬರುತ್ತದೆ. ಡೇಟಾಬೇಸಿನಲ್ಲೂ ಹೀಗೆಯೇ. ಹಳೆಯ ಲ್ಯಾಟಿನ್1 ಎನ್‌ಕೋಡಿಂಗಿನಲ್ಲಿ ಟೇಬಲ್ ಇದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಮರಿಯಾಡಿಬಿಯಲ್ಲಿ ಡೇಟಾಬೇಸ್ ಮಾಡುವಾಗಲೇ ಯುಟಿಎಫ್8ಎಂಬಿ4 ಎಂದು ಹೇಳು. ಬರೀ ಕನ್ನಡಕ್ಕೆ ಮೂರು ಬೈಟಿನ ಹಳೆಯ ಯುಟಿಎಫ್8 ಸಾಕಾಗುತ್ತಿತ್ತು, ಆದರೆ ನಿನ್ನ ಅತ್ತಿಗೆ ಹುಟ್ಟುಹಬ್ಬದ ಮುಂದೆ ಕೇಕಿನ ಎಮೋಜಿ ಹಾಕದೆ ಬಿಡುವುದಿಲ್ಲ, ಅದಕ್ಕೆ ನಾಲ್ಕು ಬೇಕು. ಎಲ್ಲರನ್ನೂ ಸೇರಿಸುವ ಮುನ್ನ ಒತ್ತಕ್ಷರ ತುಂಬಿದ ಉದ್ದನೆಯ ಶೀರ್ಷಿಕೆ ಒಂದನ್ನು ಹಾಕಿ, ಎಕ್ಸ್‌ಪೋರ್ಟ್ ಮಾಡಿ, ಬೇರೊಂದು ಪ್ರೋಗ್ರಾಮಿನಲ್ಲಿ ಇಂಪೋರ್ಟ್ ಮಾಡಿ ಓದಿ ನೋಡು.

ನೆನಪೋಲೆಗಳ ವಿಷಯ. ನೆಕ್ಸ್ಟ್‌ಕ್ಲೌಡ್ ಹಾಕಿದಾಗ ಅದರ ಹಿನ್ನೆಲೆ ಕೆಲಸಗಳು ಅಜಾಕ್ಸ್ ಎಂಬ ಪದ್ಧತಿಯಲ್ಲಿರುತ್ತವೆ. ಅಂದರೆ ಯಾರಾದರೂ ಪುಟ ತೆರೆದಾಗ ಮಾತ್ರ ಆ ಕೆಲಸಗಳು ನಡೆಯುತ್ತವೆ. ಬೆಳಿಗ್ಗೆ ಆರಕ್ಕೆ ಹೋಗಬೇಕಾದ ಇಮೇಲ್, ಒಂಬತ್ತಕ್ಕೆ ಯಾರೋ ಬ್ರೌಸರ್ ತೆರೆದಮೇಲೆ ಹೋಗುತ್ತದೆ. ಅಷ್ಟರಲ್ಲಿ ಬರಿಹೊಟ್ಟೆಯಲ್ಲಿ ಕೊಡಬೇಕಾದ ರಕ್ತಪರೀಕ್ಷೆಗೆ ಮುಂಚೆ ನಿನ್ನಪ್ಪ ತಿಂಡಿ ತಿಂದಾಗಿರುತ್ತದೆ. ಮೊದಲ ದಿನವೇ ಅದನ್ನು ಕ್ರಾನ್‌ಗೆ ಬದಲಿಸಿ, ಐದು ನಿಮಿಷಕ್ಕೊಮ್ಮೆ ವೆಬ್ ಸರ್ವರಿನ ಹೆಸರಿನಲ್ಲೇ ಓಡುವ ಹಾಗೆ ಮಾಡು. ಇಮೇಲನ್ನು ನಿನ್ನ ಸರ್ವರಿನಿಂದಲೇ ಕಳಿಸಲು ಹೋಗಬೇಡ, ಬಹಳಷ್ಟು ಕಂಪನಿಗಳು 25ನೇ ಪೋರ್ಟ್ ಮುಚ್ಚಿರುತ್ತವೆ, ಹೋದರೂ ಸ್ಪ್ಯಾಮ್‌ಗೆ ಬೀಳುತ್ತದೆ. ಈಗಿರುವ ಯಾವುದಾದರೂ ಇಮೇಲ್ ಖಾತೆಯ ಮೂಲಕ ಕಳಿಸು. ಫೋನಿನ ಅಲಾರಾಂ ಇನ್ನೂ ನಂಬಿಕಸ್ಥ, ಏಕೆಂದರೆ ಒಮ್ಮೆ ಸಿಂಕ್ ಆದಮೇಲೆ ಸರ್ವರ್ ಬಿದ್ದರೂ ಅದು ಬಾರಿಸುತ್ತದೆ. ಐಫೋನಿಗೆ ಕ್ಯಾಲ್‌ಡಾವ್ ಮೊದಲಿಂದಲೇ ಗೊತ್ತು. ಆಂಡ್ರಾಯ್ಡ್‌ಗೆ ಡಾವ್‌ಎಕ್ಸ್5 ಎಂಬ ಆ್ಯಪ್ ಬೇಕು, ಪ್ಲೇ ಸ್ಟೋರಿನಲ್ಲಿ ದುಡ್ಡು, ಎಫ್-ಡ್ರಾಯ್ಡ್‌ನಲ್ಲಿ ಉಚಿತ. ಅದನ್ನು ಹಾಕಿದಮೇಲೆ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದಕ್ಕೆ ವಿನಾಯಿತಿ ಕೊಡಿಸುವುದನ್ನು ಮರೆಯಬೇಡ, ಇಲ್ಲವಾದರೆ ಕೆಲವು ಫೋನುಗಳು ಎರಡೇ ದಿನದಲ್ಲಿ ಅದನ್ನು ಮಲಗಿಸಿಬಿಡುತ್ತವೆ. ಪ್ರತಿ ಫೋನಿಗೂ ಬೇರೆ ಆ್ಯಪ್ ಪಾಸ್‌ವರ್ಡ್ ಕೊಡು. ಒಂದು ಫೋನ್ ಬಸ್ಸಿನಲ್ಲಿ ಬಿಟ್ಟುಹೋದರೆ ಅದೊಂದನ್ನೇ ರದ್ದು ಮಾಡಬಹುದು.

ಎಚ್‌ಟಿಟಿಪಿಎಸ್ ಇಲ್ಲದೆ ಒಂದು ಗಂಟೆಯೂ ನಡೆಸಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುವ ಪ್ರಮಾಣಪತ್ರ ಸಾಮಾನ್ಯವಾಗಿ 90 ದಿನದ್ದು, ಸರ್ಟ್‌ಬಾಟ್ ತಾನಾಗಿ ನವೀಕರಿಸುತ್ತದೆ. ನವೀಕರಿಸಿದ್ದನ್ನು ವೆಬ್ ಸರ್ವರ್ ಮತ್ತೆ ಓದಿಕೊಳ್ಳುವ ಹಾಗೆ ರೀಲೋಡ್ ಆದೇಶವನ್ನೂ ಸೇರಿಸು. ಅವಧಿ ಮುಗಿಯುತ್ತಿದೆ ಎಂದು ಇಮೇಲ್ ಕಳಿಸುವುದನ್ನು ಅವರು 2025ರ ಜೂನ್‌ನಿಂದ ನಿಲ್ಲಿಸಿದ್ದಾರೆ, ಹಾಗಾಗಿ ಅವಧಿ ಮುಗಿಯುವ ತಾರೀಖನ್ನೂ ನಿನ್ನ ಕ್ಯಾಲೆಂಡರಿನಲ್ಲೇ ಬರೆದಿಡು.

ಅಪ್‌ಡೇಟ್ ಮುಂದೂಡಬೇಡ. ನೆಕ್ಸ್ಟ್‌ಕ್ಲೌಡ್‌ನ ಒಂದೊಂದು ಪ್ರಧಾನ ಆವೃತ್ತಿಗೆ ಸುಮಾರು ಒಂದು ವರ್ಷವಷ್ಟೇ ಬೆಂಬಲ, ಮೇಲಾಗಿ ಮೆಟ್ಟಿಲು ಹಾರುವಂತಿಲ್ಲ. ಮೂರು ವರ್ಷ ಕೈಬಿಟ್ಟರೆ ಒಂದೊಂದೇ ಆವೃತ್ತಿ ಹತ್ತುತ್ತಾ ಬರಬೇಕು, ನಡುವೆ ಪಿಎಚ್‌ಪಿಯನ್ನೂ ಹತ್ತಿಸಬೇಕು, ಅಲ್ಲಿ ಒಂದು ಹೆಜ್ಜೆ ತಪ್ಪಿದರೆ ರಾತ್ರಿಯೆಲ್ಲ ಕೂರಬೇಕು. ಎರಡು ತಿಂಗಳಿಗೊಂದು ಶನಿವಾರ ಇದಕ್ಕೆಂದೇ ಇಟ್ಟುಕೋ. ಶುರುಮಾಡುವ ಮುನ್ನ ಬ್ಯಾಕಪ್.

ಬ್ಯಾಕಪ್ ಎಂದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸಂಸ್ಥೆಯವರು ತಮ್ಮ ಹಾಜರಿ ದಾಖಲೆಗಳು ಹೋಗಿವೆ, ವಾಪಸ್ ತರಿಸಿಕೊಡಿ ಎಂದು ನನ್ನನ್ನು ಕರೆಸಿದ್ದರು. ಪ್ರತಿ ರಾತ್ರಿ ಎರಡು ಗಂಟೆಗೆ ಬ್ಯಾಕಪ್ ಆಗುತ್ತಿತ್ತು, ಫೋಲ್ಡರ್ ತೆರೆದರೆ ತಾರೀಖುವಾರು ಫೈಲುಗಳು ಒಪ್ಪವಾಗಿ ಸಾಲುಗಟ್ಟಿ ನಿಂತಿದ್ದವು. ಪಕ್ಕದಲ್ಲಿ ಗಾತ್ರದ ಕಂಬಸಾಲು ನೋಡಿದರೆ ಕಳೆದ ಎಷ್ಟೋ ತಿಂಗಳಿಂದ ಎಲ್ಲವೂ ಸೊನ್ನೆ. ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದವರು ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಬದಲಿಸಿರಲಿಲ್ಲ. ಸ್ಕ್ರಿಪ್ಟ್ ಪ್ರತಿ ರಾತ್ರಿ ಖಾಲಿ ಫೈಲಿಗೆ ಹೆಸರಿಟ್ಟು ಮಲಗುತ್ತಿತ್ತು. ಅವತ್ತು ಅಲ್ಲಿಯ ಗುಮಾಸ್ತೆ ಅಷ್ಟೂ ತಿಂಗಳ ಹಾಜರಿಯನ್ನು ಕಾಗದದ ರಿಜಿಸ್ಟರಿನಿಂದ ಮತ್ತೆ ಟೈಪ್ ಮಾಡಲು ಕೂತರು. ನಿನ್ನ ಮನೆಯಲ್ಲಿ ಅಂಥ ರಿಜಿಸ್ಟರೂ ಇರುವುದಿಲ್ಲ. ಆದ್ದರಿಂದ ಬ್ಯಾಕಪ್ ಇದೆಯೇ ಎಂದು ಯಾರಾದರೂ ಕೇಳಿದರೆ, ವಾಪಸ್ ತಂದು ನೋಡಿದ ತಾರೀಖನ್ನು ಹೇಳುವ ಹಾಗಿರಬೇಕು. ಡೇಟಾಬೇಸ್ ಡಂಪ್, ಸಂರಚನೆಯ ಫೈಲು, ಡೇಟಾ ಫೋಲ್ಡರ್ ಮೂರೂ ಬೇಕು. ಸಂರಚನೆಯ ಫೈಲು ಕಳೆದರೆ ಉಳಿದೆರಡು ಇದ್ದೂ ಪರದಾಡಬೇಕಾಗುತ್ತದೆ. ಎಸ್‌ಕ್ಯುಲೈಟ್ ಅನ್ನೇ ಮರಿಯಾಡಿಬಿಯ ಬದಲು ಬಳಸುತ್ತಿದ್ದರೆ ಓಡುತ್ತಿರುವ ಫೈಲನ್ನು ನೇರ ನಕಲು ಮಾಡಬೇಡ, ಬರೆಯುವ ನಡುವೆ ನಕಲಾದರೆ ಕೆಡುತ್ತದೆ, ಅದರದೇ ಬ್ಯಾಕಪ್ ಆದೇಶ ಇದೆ. ಒಂದು ಪ್ರತಿ ಬೇರೆ ಕಂಪನಿಯ ಸರ್ವರಿನಲ್ಲಿ ಗೂಢಲಿಪಿ ಮಾಡಿ ಇಡು, ಒಂದು ಮನೆಯ ಪೆನ್‌ಡ್ರೈವಿನಲ್ಲಿ. ಕುಟುಂಬವೊಂದರ ಜೀವಮಾನದ ತಾರೀಖುಗಳೆಲ್ಲ ಸೇರಿ ಕೆಲವೇ ಎಂಬಿ ಆಗುತ್ತವೆ, ಜಾಗದ ನೆಪ ಹೇಳುವಂತಿಲ್ಲ. ಮೂರು ತಿಂಗಳಿಗೊಮ್ಮೆ ನಿನ್ನ ಲ್ಯಾಪ್‌ಟಾಪಿನಲ್ಲಿ ಖಾಲಿ ನೆಕ್ಸ್ಟ್‌ಕ್ಲೌಡ್ ಹಾಕಿ, ಅಲ್ಲಿಗೆ ತುಂಬಿ, ನಿನ್ನಜ್ಜನ ವೈದಿಕದ ದಿನ ಸರಿಯಾಗಿ ಕಾಣುತ್ತಿದೆಯೇ ನೋಡು.

ಸರ್ವರ್ ನಿನ್ನ ಕೈಯಲ್ಲಿದ್ದರೆ ಎಲ್ಲರ ನಮೂದುಗಳೂ ನಿನಗೆ ಕಾಣಬಲ್ಲವು. ನೋಡಬೇಡ. ಅತ್ತಿಗೆ ಯಾವ ಡಾಕ್ಟರ ಹತ್ತಿರ ಹೋಗುತ್ತಾಳೆ, ತಮ್ಮ ಯಾವ ಸಂದರ್ಶನಕ್ಕೆ ಹೋಗಿ ಬಂದ ಎಂಬುದು ಅವರಾಗಿ ಹೇಳಿದರೆ ಮಾತ್ರ ನಿನಗೆ ಗೊತ್ತು. ಡೇಟಾಬೇಸ್ ಸರಿಪಡಿಸುವಾಗ ಕಣ್ಣಿಗೆ ಬಿದ್ದದ್ದನ್ನೂ ಬಾಯಿಗೆ ತರಬೇಡ. ಒಬ್ಬರಿಗೆ ಒಂದು ಖಾಸಗಿ ಕ್ಯಾಲೆಂಡರ್, ಮನೆಗೆಲ್ಲ ಒಂದು ಸಾಮಾನ್ಯದ್ದು, ಹೀಗೆ ಮಾಡು. ಹಂಚಿಕೊಂಡಾಗ ವಿವರ ತೋರಿಸದೆ ಬಿಡುವಿಲ್ಲ ಎಂದಷ್ಟೇ ತೋರಿಸುವ ಆಯ್ಕೆ ಇದೆ, ಅದನ್ನು ಎಲ್ಲರಿಗೂ ಕಲಿಸು. ಸಾಮಾನ್ಯ ಕ್ಯಾಲೆಂಡರಿನಲ್ಲಿ ತಿದ್ದುವ ಹಕ್ಕು ಮಕ್ಕಳಿಗೆ ಬೇಡ, ಓದಲಿ ಸಾಕು. ಯಾರಾದರೂ ತಪ್ಪಿ ಅಳಿಸಿದರೆ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ ಎಂದೂ ಹೇಳಿಡು, ಗಾಬರಿ ಕಡಿಮೆಯಾಗುತ್ತದೆ.

ಇನ್ನೊಂದನ್ನು ಹೇಳಲು ಮನಸ್ಸಿಗೆ ಕಷ್ಟ, ಆದರೂ ಹೇಳುತ್ತೇನೆ. ನೀನು ಮದುವೆಯಾಗಿ ಬೇರೆ ಊರಿಗೆ ಹೋಗಬಹುದು, ಕೆಲಸದ ಒತ್ತಡ ಬರಬಹುದು, ಜ್ವರ ಬಂದು ವಾರ ಮಲಗಬಹುದು. ಆಗ ಸರ್ವರ್ ಯಾರದು? ಎರಡು ಪುಟ ಕನ್ನಡದಲ್ಲಿ ಬರೆ: ಸರ್ವರ್ ಯಾವ ಕಂಪನಿಯದು, ಡೊಮೇನ್ ಯಾರ ಹೆಸರಿನಲ್ಲಿದೆ, ಬಿಲ್ ಯಾವಾಗ, ಬ್ಯಾಕಪ್ ಎಲ್ಲಿದೆ, ಎಲ್ಲವನ್ನೂ ಕೈಬಿಡಬೇಕಾದರೆ ಕ್ಯಾಲೆಂಡರನ್ನು ಫೈಲಾಗಿ ಇಳಿಸಿಕೊಂಡು ಬೇರೆ ಕಡೆ ಏರಿಸುವುದು ಹೇಗೆ. ಪಾಸ್‌ವರ್ಡ್ ಬೇರೆ ಲಕೋಟೆಯಲ್ಲಿ ಮುಚ್ಚಿ ಅಮ್ಮನ ಬೀರುವಿನಲ್ಲಿ, ಮನೆಪತ್ರಗಳ ಜೊತೆ ಇರಲಿ. ಬರೆದದ್ದನ್ನು ನಿನ್ನ ತಮ್ಮನ ಕೈಗೆ ಕೊಟ್ಟು, ನೀನು ಬಾಯಿ ಬಿಡದೆ ಪಕ್ಕದಲ್ಲಿ ಕೂತು, ಅವನು ಅದನ್ನು ಓದಿಯೇ ಒಂದು ಬ್ಯಾಕಪ್ ವಾಪಸ್ ತರುತ್ತಾನಾ ನೋಡು. ಎಲ್ಲಿ ನಿಂತನೋ ಅಲ್ಲಿ ಬರಹ ಸಾಲದು, ತಿದ್ದು.

ಎಲ್ಲರನ್ನೂ ಒಟ್ಟಿಗೆ ಸೇರಿಸಬೇಡ. ಮೊದಲ ಖಾತೆ ನನಗೆ ಕೊಡು, ನನ್ನ ಬಿಪಿ ಮಾತ್ರೆ, ಪಿಂಚಣಿಗೆ ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣಪತ್ರ, ಸಂಗೀತ ಸಭೆಯ ಕಚೇರಿಗಳು ಎಲ್ಲವನ್ನೂ ಅದರಲ್ಲೇ ಹಾಕುತ್ತೇನೆ. ನನ್ನದು ಹಳೆಯ ಆಂಡ್ರಾಯ್ಡ್ ಫೋನು, ಅದರಲ್ಲಿ ನಡೆದರೆ ಮನೆಯ ಎಲ್ಲ ಫೋನಿನಲ್ಲೂ ನಡೆಯುತ್ತದೆ. ಎರಡು ತಿಂಗಳು ಹಾಗೇ ಬಿಡು. ನೆನಪೋಲೆ ತಡವಾದದ್ದು, ಅಕ್ಷರ ಮುರಿದದ್ದು, ಸಮಯ ಜಾರಿದ್ದು ಏನೇ ಕಂಡರೂ ತಾರೀಖು ಸಮೇತ ಬರೆದು ಕಳಿಸುತ್ತೇನೆ. ಎಲ್ಲ ಸರಿ ಕಂಡಮೇಲೆ ನಿಮ್ಮಮ್ಮನ ಫೋನಿಗೆ ಹಾಕೋಣ, ಆ ದಿನ ನಾನೇ ಮೈಸೂರಿಗೆ ಬರುತ್ತೇನೆ.

ನಿನ್ನ ಮಾವ